ಹರಳೆಣ್ಣೆ ಕುಡಿಸುವ ಮುನ್ನ ಒಂದು ಗಳಿಗೆ ಯೋಚಿಸಿ

ಬೆಳೆಯುವ ಮಕ್ಕಳಲ್ಲಿ ಕರುಳು ಕಟ್ಟಿಕೊಂಡರೆ ಗುರುತಿಸುವುದು ಹೇಗೆ? ಚಿಕಿತ್ಸೆ ಏನು?

ನಮ್ಮ ಮನೆಗಳಲ್ಲಿ ಹೊಟ್ಟೆನೋವಿಗೆ ಇರುವಷ್ಟು ಮದ್ದು ಬೇರೆ ಯಾವ ಕಾಯಿಲೆಗೂ ಇಲ್ಲ. ಓಮಿನ ಕಷಾಯ, ಇಂಗು ಕದಡಿದ ಮಜ್ಜಿಗೆ, ಜೀರಿಗೆ ನೀರು, ಹೊಕ್ಕುಳಿಗೆ ಹರಳೆಣ್ಣೆ. ಇದಾವುದಕ್ಕೂ ಜಗ್ಗದಿದ್ದರೆ ದೃಷ್ಟಿ ತೆಗೆಯುವುದು. ಹೆಚ್ಚಿನ ಸಲ ನೋವು ತಾನಾಗಿಯೇ ಇಳಿದುಹೋಗುತ್ತದೆ, ಹೆಸರು ಮಾತ್ರ ಇಂಗಿಗೆ ಬರುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ.

ಆದರೆ ಅಪರೂಪಕ್ಕೊಮ್ಮೆ ಬರುವ ಒಂದು ಹೊಟ್ಟೆನೋವು ಉಂಟು. ಅದು ಮನೆಮದ್ದಿಗೆ ಕಾಯುವುದಿಲ್ಲ. ಕರುಳಿನ ದಾರಿ ಎಲ್ಲೋ ಒಂದು ಕಡೆ ಕಟ್ಟಿಕೊಂಡು, ಉಂಡ ಅನ್ನ, ಕುಡಿದ ನೀರು, ಒಳಗಿನ ಗಾಳಿ ಯಾವುದೂ ಮುಂದಕ್ಕೆ ಹೋಗದೆ ನಿಲ್ಲುವ ಸ್ಥಿತಿ ಅದು. ಹಳ್ಳಿಯ ಕಡೆ “ಕರುಳು ಗಂಟು ಹಾಕ್ಕೊಂಡಿದೆ” ಎನ್ನುವುದು ಇದಕ್ಕೇ. ವಯಸ್ಸಾದವರಿಗೆ ಬಂದರೆ ಮನೆಯವರು ಬೇಗ ಗಾಬರಿಯಾಗುತ್ತಾರೆ. ಓಡಾಡಿಕೊಂಡಿದ್ದ ಹದಿನಾರರ ಹುಡುಗನಿಗೋ, ಕಾಲೇಜಿಗೆ ಹೋಗುವ ಹುಡುಗಿಗೋ ಬಂದರೆ ಮಾತ್ರ ಯಾರಿಗೂ ಅನುಮಾನವೇ ಬರುವುದಿಲ್ಲ. “ಚೇಳೂರಿನ ಹಲಸಿನ ಹಣ್ಣು ಜಾಸ್ತಿ ತಿಂದ್ಲು, ಅದಕ್ಕೇ” ಎನ್ನುವವರು ಒಬ್ಬರು. “ಪರೀಕ್ಷೆ ಹತ್ತಿರ ಬಂತಲ್ಲ, ಹೆದರಿಕೆ ಕಣ್ರೀ” ಎನ್ನುವವರು ಇನ್ನೊಬ್ಬರು. ಹೆಣ್ಣುಮಕ್ಕಳಾದರೆ “ಮುಟ್ಟಿನ ನೋವಿರಬೇಕು ಬಿಡು” ಎಂದು ಅಲ್ಲಿಗೇ ಮಾತು ಮುಗಿಯುತ್ತದೆ. ಹೀಗೆ ಕಳೆದುಹೋಗುವ ಗಂಟೆಗಳೇ ಈ ಕಾಯಿಲೆಯಲ್ಲಿ ಅತಿ ಬೆಲೆಯುಳ್ಳವು.

ಒಳಗೆ ಆಗುವುದೇನು?

ನಮ್ಮ ಸಣ್ಣ ಕರುಳಿನ ಉದ್ದ ಸುಮಾರು 6 ಮೀಟರು, ಅಂದರೆ ಒಂದು ಸೀರೆಗಿಂತ ತುಸು ಹೆಚ್ಚು. ಅಷ್ಟು ಉದ್ದದ ಕರುಳು ಬೆನ್ನಿನ ಕಡೆಗೆ ಅಂಟಿಕೊಂಡಿರುವುದು ಒಂದು ಗೇಣಿನಷ್ಟು ಜಾಗದಲ್ಲಿ. ನೆರಿಗೆ ಹಿಡಿದು ಸೊಂಟಕ್ಕೆ ಸಿಕ್ಕಿಸಿದ ಸೀರೆ ಕೆಳಗೆ ಅಗಲವಾಗಿ ಹರಡುತ್ತದಲ್ಲ, ಹಾಗೆ. ಆ ನೆರಿಗೆಯೊಳಗೇ ಕರುಳಿಗೆ ರಕ್ತ ಒಯ್ಯುವ ನಾಳಗಳೂ ಇವೆ. ಹೀಗಾಗಿ ಕರುಳು ತಿರುಚಿಕೊಂಡರೆ ದಾರಿ ಮುಚ್ಚುವುದಷ್ಟೇ ಅಲ್ಲ, ರಕ್ತವೂ ನಿಂತುಹೋಗಬಹುದು. ರಕ್ತ ಪೂರ್ತಿ ನಿಂತ ಕರುಳು ಕೆಲವೇ ಗಂಟೆಗಳಲ್ಲಿ ಕಪ್ಪಾಗಿ ಸಾಯುತ್ತದೆ.

ಇನ್ನೊಂದು ಸಂಗತಿ. ನಾವು ಏನನ್ನೂ ತಿನ್ನದಿದ್ದರೂ ಜೊಲ್ಲು, ಜಠರರಸ, ಪಿತ್ತರಸ ಎಲ್ಲ ಸೇರಿ ದಿನಕ್ಕೆ ಹಲವು ಲೀಟರು ದ್ರವ ಕರುಳಿಗೆ ಇಳಿಯುತ್ತಲೇ ಇರುತ್ತದೆ. ದಾರಿ ಕಟ್ಟಿದರೆ ಅದೆಲ್ಲ ಮೇಲಕ್ಕೆ ತುಂಬಿಕೊಳ್ಳುತ್ತದೆ, ವಾಂತಿಯಾಗಿ ಹೊರಬರುತ್ತದೆ. ಮೈಯ ನೀರು, ಉಪ್ಪು ಬರಿದಾಗುತ್ತವೆ. ಮಗು ಸುಸ್ತಾಗಿ ಕಣ್ಣು ಗುಳಿಬೀಳುವುದು ಇದರಿಂದಲೇ.

ಈ ನಾಲ್ಕನ್ನು ನೆನಪಿಡಿ

ನೋವು: ಬಿಟ್ಟು ಬಿಟ್ಟು, ಹಿಂಡಿದಂತೆ ಬರುತ್ತದೆ. ಬಂದಾಗ ಮಗು ಮುದುಡಿಕೊಳ್ಳುತ್ತದೆ, ಹೋದಾಗ ಏನೂ ಆಗಿಲ್ಲವೆಂಬಂತೆ ಇರುತ್ತದೆ. ಈ ನಡುವಿನ ಬಿಡುವೇ ನಮ್ಮನ್ನು ಮೋಸಗೊಳಿಸುವುದು.

ವಾಂತಿ: ಮೊದಲು ಉಂಡದ್ದು, ಆಮೇಲೆ ಹಸಿರು ಪಿತ್ತ. ಹೊತ್ತು ಕಳೆದರೆ ಕಂದು ಬಣ್ಣದ, ದುರ್ವಾಸನೆಯ ನೀರು. ಹಸಿರು ವಾಂತಿಯನ್ನು, ಅದರಲ್ಲೂ ಎಳೆ ಮಕ್ಕಳಲ್ಲಿ, ಎಂದೂ ಕಡೆಗಣಿಸಬಾರದು.

ಹೊಟ್ಟೆ ಉಬ್ಬರ: ತಮಟೆಯಂತೆ ಬಿಗಿದುಕೊಳ್ಳುತ್ತದೆ. ಆದರೆ ಅಡಚಣೆ ಜಠರದ ಹತ್ತಿರವೇ ಇದ್ದರೆ ವಾಂತಿ ಬೇಗ ಬರುತ್ತದೆ, ಉಬ್ಬರ ಅಷ್ಟಾಗಿ ಕಾಣುವುದಿಲ್ಲ. ಕೆಳಗೆ ಇದ್ದರೆ ಉಬ್ಬರ ಮೊದಲು, ವಾಂತಿ ತಡವಾಗಿ.

ಮಲ ಮತ್ತು ಗಾಳಿ: ಎರಡೂ ನಿಂತುಹೋಗುತ್ತವೆ. ಹಾಗೆಂದು “ಬೆಳಿಗ್ಗೆ ಒಂದು ಸಲ ಹೋಗಿತ್ತಲ್ಲ” ಎಂದು ಸಮಾಧಾನಪಡುವಂತಿಲ್ಲ. ಅಡಚಣೆಯ ಕೆಳಗೆ ಮೊದಲೇ ಇದ್ದದ್ದು ಹೊರಗೆ ಬಂದಿರಬಹುದು.

ಇವುಗಳಲ್ಲಿ ಎರಡು ಒಟ್ಟಿಗೆ ಕಂಡರೂ ಆಸ್ಪತ್ರೆಗೆ ಹೊರಡಿ. ಬಿಟ್ಟು ಬಿಟ್ಟು ಬರುತ್ತಿದ್ದ ನೋವು ಬಿಡದೆ ನಿಂತರೆ, ಜ್ವರ ಬಂದರೆ, ಮಲದಲ್ಲಿ ರಕ್ತ ಕಂಡರೆ ಇನ್ನೂ ಅವಸರ. ನರಳುತ್ತಿದ್ದ ಮಗು ಇದ್ದಕ್ಕಿದ್ದಂತೆ “ನೋವು ಹೋಯ್ತಮ್ಮ” ಎಂದು ಸಪ್ಪಗೆ ಮಲಗಿದರೆ ದೇವರಿಗೆ ಕೈ ಮುಗಿಯುವ ಮುನ್ನ ಕೈಕಾಲು ಮುಟ್ಟಿ ನೋಡಿ. ಮೈ ತಣ್ಣಗಾಗಿ, ಬೆವೆತು, ನಾಡಿ ಓಡುತ್ತಿದ್ದರೆ ಅದು ಗುಣವಲ್ಲ, ಅಪಾಯ.

ಚಿಕ್ಕ ವಯಸ್ಸಿನಲ್ಲಿ ಯಾಕೆ ಬರುತ್ತದೆ?

ಹಳೆಯ ಆಪರೇಷನ್ನಿನ ಅಂಟು. ಅಪೆಂಡಿಕ್ಸ್ ತೆಗೆಸಿಕೊಂಡ ಮೇಲೆ ಒಳಗಿನ ಗಾಯ ಮಾಯುವಾಗ ಕರುಳಿನ ಸುತ್ತ ನೂಲಿನಂಥ ಎಳೆಗಳು ಅಂಟಿಕೊಳ್ಳುವುದುಂಟು. ವರ್ಷಗಳು ಕಳೆದ ಮೇಲೂ ಆ ಎಳೆಗೆ ಕರುಳು ಸಿಕ್ಕಿಕೊಳ್ಳಬಹುದು. ಹೊಟ್ಟೆಯ ಮೇಲೆ ಹಳೆಯ ಹೊಲಿಗೆಯ ಗುರುತಿರುವ ಹುಡುಗ ಹುಡುಗಿಯರಿಗೆ ಹೊಟ್ಟೆನೋವು, ವಾಂತಿ ಒಟ್ಟಿಗೆ ಬಂದರೆ ಮೊದಲು ಬರಬೇಕಾದ ಯೋಚನೆ ಇದೇ.

ಸಿಕ್ಕಿಕೊಂಡ ಹರ್ನಿಯಾ. ತೊಡೆಯ ಸಂದಿಯಲ್ಲಿ ಎದ್ದು ಇಳಿಯುತ್ತಿದ್ದ ಗಂಟು ಒಂದು ದಿನ ಇಳಿಯದೆ ಗಟ್ಟಿಯಾಗಿ ನೋಯತೊಡಗಿದರೆ ಒಳಗೆ ಕರುಳು ಸಿಕ್ಕಿಕೊಂಡಿದೆ ಎಂದು ಅರ್ಥ. ಬೆಳೆದ ಹುಡುಗರು ನಾಚಿಕೆಯಿಂದ ತಾಯಿಗೆ ಹೇಳುವುದಿಲ್ಲ. ತಂದೆಯೋ ಅಣ್ಣನೋ ಕೇಳಿ ನೋಡಬೇಕು.

ಕರುಳಿನ ಕ್ಷಯ. ಕ್ಷಯವೆಂದರೆ ಕೆಮ್ಮು ಮಾತ್ರ ಎಂದುಕೊಂಡವರೇ ಹೆಚ್ಚು. ನಮ್ಮ ದೇಶದಲ್ಲಿ ಯುವಕ ಯುವತಿಯರ ಕರುಳು ಕಿರಿದಾಗಲು ಇದೂ ಒಂದು ಮುಖ್ಯ ಕಾರಣ. ಸಂಜೆ ಸಣ್ಣ ಜ್ವರ, ತಿಂಗಳುಗಟ್ಟಲೆ ತೂಕ ಇಳಿಯುವುದು, ಊಟವಾದ ಮೇಲೆ ಹೊಟ್ಟೆಯಲ್ಲಿ ಗಡ್ಡೆ ಎದ್ದಂತಾಗಿ ಗುಡುಗುಡು ಸದ್ದಿನೊಂದಿಗೆ ಇಳಿಯುವುದು ಇದರ ಸೂಚನೆಗಳು. ಸಾಮಾನ್ಯವಾಗಿ ಆರು ತಿಂಗಳ ಔಷಧ ಬೇಕಾಗುತ್ತದೆ, ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ಮಧ್ಯೆ ಬಿಡುವಂತಿಲ್ಲ. ಹಸಿ ಹಾಲಿನಿಂದಲೂ ಒಂದು ಬಗೆಯ ಕ್ಷಯ ಬರುವುದುಂಟು, ಹಾಲನ್ನು ಕಾಯಿಸಿಯೇ ಕೊಡಿ.

ಹುಟ್ಟಿನಿಂದ ಬಂದ ದೋಷ. ಮಗು ಗರ್ಭದಲ್ಲಿರುವಾಗ ಕರುಳು ಒಂದು ಹಂತದಲ್ಲಿ ಸುತ್ತು ತಿರುಗಿ ತನ್ನ ಜಾಗ ಸೇರುತ್ತದೆ. ಆ ಸುತ್ತು ಅರ್ಧಕ್ಕೆ ನಿಂತರೆ ನಾನು ಆಗಲೇ ಹೇಳಿದ ‘ನೆರಿಗೆ’ಯ ಬುಡ ತೀರ ಕಿರಿದಾಗಿ ಉಳಿದು, ಕರುಳು ಸುಲಭವಾಗಿ ತಿರುಚಿಕೊಳ್ಳುತ್ತದೆ. ಹೆಚ್ಚಾಗಿ ಹುಟ್ಟಿದ ಮೊದಲ ತಿಂಗಳಲ್ಲೇ ಇದು ಗೊತ್ತಾಗುತ್ತದೆ, ಆದರೆ ಕೆಲವರಲ್ಲಿ ಕಾಲೇಜಿನ ವಯಸ್ಸಿನವರೆಗೂ ಅಡಗಿರುತ್ತದೆ. ಆಗಾಗ ಹೊಟ್ಟೆನೋವು, ಹಸಿರು ವಾಂತಿ ಬಂದು ತಾನೇ ವಾಸಿಯಾಗುವ ಮಕ್ಕಳಿಗೆ ಒಮ್ಮೆಯಾದರೂ ಸ್ಕ್ಯಾನ್ ಮಾಡಿಸಬೇಕು. ಇದನ್ನು ಸರಿಪಡಿಸುವ ಆಪರೇಷನ್ನನ್ನು 1936ರಲ್ಲಿ ಅಮೆರಿಕದ ಸರ್ಜನ್ ವಿಲಿಯಂ ಲ್ಯಾಡ್ ವಿವರಿಸಿದರು. ಇಂದಿಗೂ ಅದು ಅವರ ಹೆಸರಿನಲ್ಲೇ ನಡೆಯುತ್ತದೆ. ಮೆಕೆಲ್ ಚೀಲ ಎಂಬ ಇನ್ನೊಂದು ದೋಷವಿದೆ. ಇದು ಸಣ್ಣ ಕರುಳಿನ ಮೇಲೆ ಉಳಿದುಬಿಡುವ ಪುಟ್ಟ ಚೀಲ. ನೂರರಲ್ಲಿ ಸುಮಾರು ಇಬ್ಬರಿಗೆ ಇರುತ್ತದೆ, ಬಹುಪಾಲು ಜನರಿಗೆ ಜೀವಮಾನವಿಡೀ ತೊಂದರೆಯನ್ನೇ ಕೊಡುವುದಿಲ್ಲ. ಕೊಟ್ಟರೆ ಮಾತ್ರ ರಕ್ತಸ್ರಾವ ಇಲ್ಲವೇ ಅಡಚಣೆ.

ಕರುಳೊಳಗೆ ಕರುಳು. ಉದ್ದ ತೋಳಿನ ಅಂಗಿ ಕಳಚುವಾಗ ತೋಳು ಒಳಮಗ್ಗುಲಾಗಿ ಸೇರಿಕೊಳ್ಳುವುದಿಲ್ಲವೇ, ಹಾಗೆ ಕರುಳಿನ ಒಂದು ಭಾಗ ಮುಂದಿನ ಭಾಗದೊಳಕ್ಕೆ ನುಗ್ಗುತ್ತದೆ. ಆರು ತಿಂಗಳಿಂದ ಎರಡು ವರ್ಷದ ಕೂಸುಗಳಲ್ಲಿ ಇದು ಹೆಚ್ಚು. ಮಗು ಕಾಲು ಮಡಚಿಕೊಂಡು ಕಿರುಚುವುದು, ಕೆಂಪು ಲೋಳೆಯಂಥ ಮಲ ಇದರ ಗುರುತು. ದೊಡ್ಡ ಮಕ್ಕಳಲ್ಲಿ ಬಂದರೆ ಒಳಗೆ ಗಂಟೋ ಚೀಲವೋ ಇರುವ ಸಂಭವ ಹೆಚ್ಚು. ತಾಯಿಯ ಕಣ್ಣಿಗೆ ಮಾತ್ರ ಬೀಳಬಹುದಾದ ಒಂದು ಗುರುತನ್ನು ಇಲ್ಲಿ ಹೇಳಬೇಕು. ಕೆಲವು ಮಕ್ಕಳಿಗೆ ತುಟಿಯ ಮೇಲೆ, ಬಾಯೊಳಗೆ, ಬೆರಳ ತುದಿಯಲ್ಲಿ ಎಳ್ಳು ಚೆಲ್ಲಿದಂತೆ ಕಂದುಗಪ್ಪು ಚುಕ್ಕೆಗಳಿರುತ್ತವೆ. ಎಲ್ಲ ಚುಕ್ಕೆಯೂ ಕಾಯಿಲೆಯಲ್ಲ. ಆದರೆ ಚುಕ್ಕೆಗಳ ಜೊತೆಗೆ ಮತ್ತೆ ಮತ್ತೆ ಹೊಟ್ಟೆನೋವೂ ಇದ್ದರೆ ವೈದ್ಯರಿಗೆ ತೋರಿಸಿ. ಪ್ಯೂಟ್ಸ್-ಜೆಗರ್ಸ್ ಎಂಬ, ವಂಶದಲ್ಲಿ ಹರಿದುಬರುವ ಕಾಯಿಲೆಯಲ್ಲಿ ಕರುಳೊಳಗೆ ಗಂಟುಗಳು ಬೆಳೆಯುತ್ತವೆ.

ಕೂದಲಿನ ಉಂಡೆ. ನಂಬಲು ಕಷ್ಟವಾದರೂ ನಿಜ. ಕೆಲವು ಹೆಣ್ಣುಮಕ್ಕಳು ಯಾರಿಗೂ ತಿಳಿಯದಂತೆ ತಮ್ಮ ಕೂದಲನ್ನು ಕಿತ್ತು ನುಂಗುತ್ತಾರೆ. ಕೂದಲು ಜೀರ್ಣವಾಗುವುದಿಲ್ಲ. ಜಠರದಲ್ಲಿ ಉಂಡೆ ಕಟ್ಟಿ, ಅದರ ಬಾಲ ಕರುಳಿಗೆ ಇಳಿಯುತ್ತದೆ. ನೀಳಜಡೆಯ ರಾಜಕುಮಾರಿಯ ಜರ್ಮನ್ ಕಥೆಯಿಂದ ಇದಕ್ಕೆ 1968ರಲ್ಲಿ ರಪುಂಜೆಲ್ ಸಿಂಡ್ರೋಮ್ ಎಂದು ಹೆಸರಿಟ್ಟರು. 2024ರಲ್ಲಿ ಬೆಂಗಳೂರಿನಲ್ಲಿ ಎಂಟು ವರ್ಷದ ಹುಡುಗಿಯೊಬ್ಬಳ ಹೊಟ್ಟೆಯಿಂದ ಇಂಥ ಉಂಡೆಯನ್ನು ಆಪರೇಷನ್ ಮಾಡಿ ತೆಗೆದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ತಲೆ ಬಾಚುವಾಗ ಒಂದು ಕಡೆ ಕೂದಲು ಬೋಳಾಗಿದ್ದರೆ ಗದರಬೇಡಿ. ಇದು ಮನಸ್ಸಿನ ಕಳವಳದ ಗುರುತು, ಚೇಷ್ಟೆಯಲ್ಲ. ಉಂಡೆ ತೆಗೆದ ಮೇಲೆ ಮನೋವೈದ್ಯರ ನೆರವೂ ಬೇಕು. ಸರ್ಕಾರದ ಟೆಲಿ-ಮಾನಸ್ 14416 ಸಂಖ್ಯೆಗೆ ಮನೆಯಿಂದಲೇ ಫೋನ್ ಮಾಡಿ ಸಲಹೆ ಕೇಳಬಹುದು.

ತೀರ ತೆಳುವಾದರೆ. ಉಪವಾಸವಿದ್ದೋ, ದೀರ್ಘ ಜ್ವರದಿಂದಲೋ ಬೇಗ ಬೇಗ ತೂಕ ಕಳೆದುಕೊಂಡ ಹುಡುಗಿಯರಲ್ಲಿ ಕರುಳಿನ ಮೊದಲ ಭಾಗ ಎರಡು ದೊಡ್ಡ ರಕ್ತನಾಳಗಳ ನಡುವೆ ಸಿಕ್ಕಿ ಅದುಮಿಹೋಗಬಹುದು. ಅಲ್ಲಿ ಮೆತ್ತೆಯಂತಿದ್ದ ಕೊಬ್ಬು ಕರಗಿರುವುದೇ ಕಾರಣ. ಉಂಡ ಕೂಡಲೆ ನೋವು, ಬೋರಲು ಮಲಗಿದರೆ ಆರಾಮ. ಬಹಳಷ್ಟು ಮಂದಿಗೆ ತೂಕ ಕೂಡಿಬಂದರೆ ಗುಣವಾಗುತ್ತದೆ. ಸಣ್ಣಗಾಗಬೇಕೆಂದು ಊಟ ಬಿಡುವ ಹೆಣ್ಣುಮಕ್ಕಳಿರುವ ಮನೆಯಲ್ಲಿ ಈ ಮಾತು ನೆನಪಿರಲಿ.

ಜಂತುಹುಳು. ದುಂಡುಹುಳುಗಳು ಕಂತೆಯಾಗಿ ಮಕ್ಕಳ ಕರುಳನ್ನು ಕಟ್ಟುವುದುಂಟು. 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಶಾಲೆ, ಅಂಗನವಾಡಿಗಳಲ್ಲಿ 1ರಿಂದ 19 ವರ್ಷದವರಿಗೆ ಮಾತ್ರೆ ಕೊಡುತ್ತಿದ್ದಾರೆ, ತಪ್ಪಿಸಬೇಡಿ. ಆದರೆ ಹೊಟ್ಟೆ ಉಬ್ಬಿ ವಾಂತಿಯಾಗುತ್ತಿರುವಾಗ ಮನೆಯಲ್ಲಿ ಹುಳುವಿನ ಮಾತ್ರೆ ಕೊಡಬಾರದು.

ಮಾಡಬಾರದ ಕೆಲಸಗಳು

ಹರಳೆಣ್ಣೆ, ಭೇದಿ ಮಾತ್ರೆ, ಎನಿಮಾ ಬೇಡವೇ ಬೇಡ. ಮುಂದೆ ದಾರಿ ಮುಚ್ಚಿರುವಾಗ ಹಿಂದಿನಿಂದ ನೂಕಿದರೆ ಕರುಳು ಇನ್ನಷ್ಟು ಉಬ್ಬುತ್ತದೆ, ಹರಿಯಲೂಬಹುದು. “ಹೊಕ್ಕುಳ ಜಾರಿದೆ” ಎಂದು ಹೊಟ್ಟೆ ತಿಕ್ಕಿಸುವುದು, ಇಳಿಯದ ಹರ್ನಿಯಾ ಗಂಟನ್ನು ಒತ್ತಿ ಒಳಗೆ ಸೇರಿಸಲು ನೋಡುವುದು ಕೂಡದು. ಅನ್ನ, ಎಳನೀರು, ಕಾಫಿ ಏನನ್ನೂ ಕೊಡಬೇಡಿ. ಬಾಯಿ ಒಣಗಿದರೆ ಒದ್ದೆ ಬಟ್ಟೆಯಿಂದ ತುಟಿ ಒರೆಸಿ. ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಿಸುತ್ತ ದಿನ ದೂಡಬೇಡಿ.

ಗುಬ್ಬಿ, ಕುಣಿಗಲ್‌ನಿಂದ ಎಲ್ಲಿಗೆ?

ಗುಬ್ಬಿಯಿಂದ ತುಮಕೂರಿಗೆ ಸುಮಾರು 20 ಕಿಲೋಮೀಟರು, ಕುಣಿಗಲ್‌ನಿಂದ ಸುಮಾರು 35. ದೂರ ದೊಡ್ಡದಲ್ಲ. “ಬೆಳಕು ಹರೀಲಿ, ಮೊದಲನೇ ಬಸ್ಸಿಗೆ ಹೋಗೋಣ” ಎನ್ನುವ ಮಾತೇ ದೊಡ್ಡದು. ನಡುರಾತ್ರಿಯಾದರೂ 108ಕ್ಕೆ ಫೋನ್ ಮಾಡಿ. ಮೊದಲು ತಾಲ್ಲೂಕು ಆಸ್ಪತ್ರೆಗೆ ಹೋದರೆ ಅಲ್ಲಿ ಡ್ರಿಪ್ ಹಾಕಿ, ಮೂಗಿನ ನಳಿಕೆ ಇಳಿಸಿ, ಚೀಟಿ ಬರೆದು ಕಳಿಸುತ್ತಾರೆ. ಅಲ್ಲಿ ಒಂದೇ ಪ್ರಶ್ನೆ ಕೇಳಿ: “ಡಾಕ್ಟ್ರೇ, ಕರುಳು ಕಟ್ಟಿರಬಹುದಾ? ಸರ್ಜನ್ ಇವತ್ತೇ ನೋಡಬೇಕಾ?”

ತುಮಕೂರಿನಲ್ಲಿ ಜಿಲ್ಲಾ ಆಸ್ಪತ್ರೆ ಇದೆ, ಅಗಳಕೋಟೆಯಲ್ಲಿ ಶ್ರೀ ಸಿದ್ಧಾರ್ಥ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ತೀರ ಚಿಕ್ಕ ಮಕ್ಕಳಿಗೆ ಮಕ್ಕಳ ಸರ್ಜನ್ ಬೇಕೆಂದರೆ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗೆ ಕಳಿಸಬಹುದು. ತುಮಕೂರಿನಿಂದಾಗಲಿ ಕುಣಿಗಲ್‌ನಿಂದಾಗಲಿ ಬೆಂಗಳೂರು ಸುಮಾರು 70 ಕಿಲೋಮೀಟರು.

ಹೊರಡುವಾಗ ಆಧಾರ್, ರೇಷನ್ ಕಾರ್ಡು, ಹಳೆಯ ಆಸ್ಪತ್ರೆ ಚೀಟಿಗಳು ಚೀಲದಲ್ಲಿರಲಿ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವುಂಟು. ಒಂದು ಕಾಗದದ ಮೇಲೆ ಬರೆದುಕೊಳ್ಳಿ: ನೋವು ಶುರುವಾದದ್ದು ಎಷ್ಟು ಹೊತ್ತಿಗೆ, ಎಷ್ಟು ಸಲ ವಾಂತಿ, ಯಾವ ಬಣ್ಣ, ಕೊನೆಯ ಸಲ ಮಲ, ಗಾಳಿ, ಮೂತ್ರ ಹೋದದ್ದು ಯಾವಾಗ, ಮನೆಯಲ್ಲಿ ಏನು ಕೊಟ್ಟಿರಿ. ಹರಳೆಣ್ಣೆ ಕೊಟ್ಟಿದ್ದರೂ ಮುಚ್ಚಿಡಬೇಡಿ. ಡಾಕ್ಟರು ಬೈದರೂ ಚಿಂತೆಯಿಲ್ಲ, ಅವರಿಗೆ ತಿಳಿಯಬೇಕು. ಹೊಸದಾಗಿ ಮದುವೆಯಾದವಳಾದರೆ ಮುಟ್ಟಿನ ದಿನ ಮೀರಿದೆಯೇ ಎಂಬುದನ್ನೂ ಎಕ್ಸ್‌ರೇಗೆ ಮುಂಚೆ ಹೇಳಬೇಕು.

ಆಸ್ಪತ್ರೆಯಲ್ಲಿ ನಡೆಯುವುದೇನು?

ವೈದ್ಯರು ಹೊಟ್ಟೆ ಮುಟ್ಟಿ ನೋಡುತ್ತಾರೆ, ತೊಡೆಯ ಸಂದಿಯನ್ನೂ ಪರೀಕ್ಷಿಸುತ್ತಾರೆ. ನಿಲ್ಲಿಸಿ ತೆಗೆದ ಎಕ್ಸ್‌ರೇಯಲ್ಲಿ ಗಾಳಿ ಮತ್ತು ನೀರು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಕರುಳೊಳಗೆ ಕರುಳು ಹೊಕ್ಕಿದ್ದರೆ ಅಲ್ಟ್ರಾಸೌಂಡಿನಲ್ಲಿ ಕೋಡುಬಳೆಯ ಹಾಗೆ ಉಂಗುರದೊಳಗೆ ಉಂಗುರ ಕಾಣುತ್ತದೆ. ತಿರುಚಿಕೊಂಡಿದ್ದರೆ ಸುಳಿಯಂತೆ. ಕಾರಣ, ಜಾಗ ಸರಿಯಾಗಿ ತಿಳಿಯಲು ಸಿಟಿ ಸ್ಕ್ಯಾನ್.

ಚಿಕಿತ್ಸೆಯೆಂದರೆ ಕತ್ತರಿಯೇ ಎಂದು ಹೆದರಬೇಡಿ. ಮೊದಲು ಬಾಯಿಗೆ ಏನೂ ಕೊಡದೆ, ರಕ್ತನಾಳದ ಮೂಲಕ ನೀರು ಮತ್ತು ಉಪ್ಪಿನಂಶ ತುಂಬುತ್ತಾರೆ. ಮೂಗಿನಿಂದ ಜಠರಕ್ಕೆ ಇಳಿಸಿದ ನಳಿಕೆಯಿಂದ ಒಳಗೆ ತುಂಬಿದ್ದನ್ನು ಹೊರಕ್ಕೆ ತೆಗೆಯುತ್ತಾರೆ. ನೋಡಲು ಕರುಣೆ ಬರುತ್ತದೆ, ಮಗು ಕಿತ್ತುಹಾಕಲು ನೋಡುತ್ತದೆ. ತಾಯಿ ಕೈ ಹಿಡಿದು ಕೂರಬೇಕು. ಆ ನಳಿಕೆಯಿಂದಲೇ ಹೊಟ್ಟೆ ಹಗುರಾಗುವುದು. ಹಳೆಯ ಆಪರೇಷನ್ನಿನ ಅಂಟಿನಿಂದಾದ ಅಡಚಣೆ ಎಷ್ಟೋ ಸಲ ಇಷ್ಟರಲ್ಲೇ ಬಿಟ್ಟುಕೊಳ್ಳುತ್ತದೆ. ಕೂಸುಗಳಲ್ಲಿ ಕರುಳೊಳಗೆ ಹೊಕ್ಕ ಕರುಳನ್ನು ಗುದದ್ವಾರದಿಂದ ಗಾಳಿ ಅಥವಾ ನೀರಿನ ಒತ್ತಡ ಕೊಟ್ಟು ಹಿಂದಕ್ಕೆ ಸರಿಸುವುದೂ ಉಂಟು. ಆದರೆ ಇದು ಆಸ್ಪತ್ರೆಯಲ್ಲಿ, ತಿಳಿದವರು ಮಾಡುವ ಕೆಲಸ.

ರಕ್ತ ನಿಂತಿರುವ ಅನುಮಾನವಿದ್ದರೆ ಆಪರೇಷನ್ನಿಗೆ ತಡಮಾಡುವಂತಿಲ್ಲ. ತಿರುಚಿದ್ದನ್ನು ಬಿಡಿಸುತ್ತಾರೆ, ಅಂಟಿದ ಎಳೆ ಕತ್ತರಿಸುತ್ತಾರೆ. ಕರುಳು ಸತ್ತಿದ್ದರೆ ಅಷ್ಟನ್ನು ತೆಗೆದು ಎರಡು ತುದಿ ಸೇರಿಸಿ ಹೊಲಿಯುತ್ತಾರೆ. ಕೆಲವೊಮ್ಮೆ ಕೆಲವು ತಿಂಗಳು ಹೊಟ್ಟೆಯ ಮೇಲೆ ಚೀಲ ಇಟ್ಟು, ಆಮೇಲೆ ಮುಚ್ಚುತ್ತಾರೆ. ಸಹಿ ಹಾಕಲು “ದೊಡ್ಡವರು ಬರಲಿ, ಅವರನ್ನ ಕೇಳಬೇಕು” ಎಂದು ಕಾಯುವ ಮನೆಗಳುಂಟು. ಆಗ ದೊಡ್ಡವರನ್ನು ಫೋನಿನಲ್ಲಿ ಕೇಳಿ, ಕಾಲ ಕಳೆಯಬೇಡಿ.

ತಾಯಂದಿರ ಸಂದೇಹಗಳು

ಹೊಟ್ಟೆಯ ಮೇಲೆ ಗಾಯದ ಗುರುತಾದರೆ ಮುಂದೆ ಹುಡುಗಿಗೆ ಸಂಬಂಧ ಕೂಡಿಬರುವುದೇ?
ಗುರುತು ಸೀರೆಯ ಮರೆಯಲ್ಲಿ ಇರುತ್ತದೆ, ವರ್ಷ ಕಳೆದಂತೆ ಮಾಸುತ್ತದೆ. ಮಗಳು ಇದ್ದರೆ ತಾನೇ ಸಂಬಂಧದ ಮಾತು?

ಕರುಳಿನ ಆಪರೇಷನ್ ಆದವಳಿಗೆ ಮಕ್ಕಳಾಗುವುದಿಲ್ಲವೇ?
ಕರುಳು ಬೇರೆ, ಗರ್ಭಕೋಶ ಬೇರೆ. ಕರುಳನ್ನು ಬಿಡಿಸಿದ ಮಾತ್ರಕ್ಕೆ ತಾಯ್ತನ ತಪ್ಪುವುದಿಲ್ಲ. ಗರ್ಭಿಣಿಯಾದಾಗ ಹಳೆಯ ಆಪರೇಷನ್ ವಿಷಯ ವೈದ್ಯರಿಗೆ ತಿಳಿಸಿದರೆ ಸಾಕು.

ಮತ್ತೆ ಬರುತ್ತದೆಯೇ?
ಕಾರಣದ ಮೇಲೆ ಹೋಗುತ್ತದೆ. ಅಂಟಿನ ಅಡಚಣೆ ಮರುಕಳಿಸಬಹುದು. ಮೊದಲಿನ ನಾಲ್ಕು ಗುರುತು ಮನೆಯ ಎಲ್ಲರಿಗೂ, ಮುಖ್ಯವಾಗಿ ಆ ಮಗುವಿಗೇ, ಬಾಯಿಪಾಠವಾಗಿರಲಿ. ಹಾಸ್ಟೆಲಿನಲ್ಲಿ ಓದುವವರಾದರೆ ವಾರ್ಡನ್ನರಿಗೂ ಹೇಳಿರಿ.

ಮನೆಗೆ ಬಂದ ಮೇಲೆ ಊಟ

ವೈದ್ಯರು “ಮೆತ್ತಗಿನ ಊಟ ಕೊಡಿ” ಎಂದ ಮೇಲೆಯೇ ಇದು. ಕಾಲು ಲೋಟ ಅಕ್ಕಿ, ಎರಡು ಚಮಚ ಹೆಸರುಬೇಳೆ ತೊಳೆದು, ಎರಡು ಲೋಟ ನೀರು ಹಾಕಿ ಕುಕ್ಕರಿನಲ್ಲಿ ಆರು ಸೀಟಿ ಕೂಗಿಸಿ. ಸೌಟಿನ ಹಿಂಬದಿಯಿಂದ ಚೆನ್ನಾಗಿ ಮಸೆಯಿರಿ. ಉಪ್ಪು, ಚಿಟಿಕೆ ಜೀರಿಗೆಪುಡಿ ಬೆರೆಸಿ, ಆರಿದ ಮೇಲೆ ಒಂದು ಸೌಟು ತೆಳು ಮಜ್ಜಿಗೆ ಸೇರಿಸಿ. ಒಮ್ಮೆಗೇ ತಟ್ಟೆ ತುಂಬ ಬೇಡ, ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ. ನಾರು ಹೆಚ್ಚಿರುವ ಸೊಪ್ಪು, ಹಸಿ ತರಕಾರಿ, ಹಲಸಿನ ತೊಳೆ, ಕಿತ್ತಳೆಯ ಸಿಪ್ಪೆ ನಾರು ಸದ್ಯಕ್ಕೆ ದೂರವಿರಲಿ. ನಮ್ಮ ಕಡೆ ಮುದ್ದೆಯನ್ನು ಅಗಿಯದೆ ನುಂಗುವುದು ವಾಡಿಕೆ, ಆದರೆ ಕರುಳಿನ ಹೊಲಿಗೆ ಮಾಯುವ ತನಕ ಮುದ್ದೆಯ ಬದಲು ರಾಗಿ ಅಂಬಲಿ ಮೇಲು. ಏನೇ ತಿಂದರೂ ಚೆನ್ನಾಗಿ ಅಗಿದು ತಿನ್ನುವ ಅಭ್ಯಾಸವಾಗಲಿ.

ಗಾಳಿ ಸರಿಯಾಗಿ ಹೋಗುತ್ತಿದೆಯೇ, ಹೊಟ್ಟೆ ಮೆತ್ತಗಿದೆಯೇ ಎಂದು ದಿನವೂ ಕೇಳಿ ತಿಳಿಯಿರಿ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆಪರೇಷನ್ ಆದ ಮಗುವಿಗೆ ಮೊದಲ ಸಲ ಗಾಳಿ ಹೋಯಿತೆಂದರೆ ವಾರ್ಡಿನ ನರ್ಸು, ಡಾಕ್ಟರು ಎಲ್ಲರ ಮುಖವೂ ಅರಳುತ್ತದೆ. ಕರುಳು ತನ್ನ ಕೆಲಸಕ್ಕೆ ಮರಳಿದ ಶುಭಸೂಚನೆ ಅದು.

ಓದುಗ ಸೋದರಿಯರೇ, ಇಂಗು, ಓಮ ಅಡಿಗೆಮನೆಯಲ್ಲಿ ಇದ್ದೇ ಇರಲಿ. ಆದರೆ ನೋವಿನ ಜೊತೆ ಹಸಿರು ವಾಂತಿ, ಉಬ್ಬಿದ ಹೊಟ್ಟೆ ಕಂಡ ದಿನ ಕೈ ಡಬ್ಬಿಯ ಕಡೆ ಹೋಗದೆ ಫೋನಿನ ಕಡೆ ಹೋಗಲಿ. ಆಸ್ಪತ್ರೆಗೆ ಹೋಗಿ “ಏನಿಲ್ಲಮ್ಮ, ಬರೀ ಅಜೀರ್ಣ” ಎನಿಸಿಕೊಂಡು ಬಂದರೆ ನಷ್ಟವಾಗುವುದು ಒಂದು ರಾತ್ರಿಯ ನಿದ್ದೆ ಮಾತ್ರ.